ಎರಡು ಮಿಲಿಮೀಟರು

ಮೂರು ತಿಂಗಳು ರಟ್ಟಿನ ಮೇಲೆ ಬತ್ತಲೆ ಓಡಿತು
ನಮ್ಮ ಮನೆಯ ಕಂಪ್ಯೂಟರು.
ಬೋರ್ಡು, ಪಂಖ, ವೈರುಗಳ ಕರುಳು
ಎಲ್ಲ ಬಯಲಿಗೆ.
ಎಬ್ಬಿಸಬೇಕೆಂದರೆ ಸ್ಕ್ರೂಡ್ರೈವರಿನ ತುದಿಯನ್ನು
ಎರಡು ಮುಳ್ಳಿಗೆ ಒಟ್ಟಿಗೇ ತಾಗಿಸಬೇಕು,
ಕೂಸಿನ ಅಂಗಾಲಿಗೆ ಕಚಗುಳಿ ಇಟ್ಟ ಹಾಗೆ.

ಮೊನ್ನೆ ಹುಸೇನ್‌ಬಿಯ ತುಟಿಯಿಂದ
ಗುಂಡುಪಿನ್ನೊಂದು ಜಾರಿ ಅದರ ಮೇಲೆ ಬಿತ್ತು.
ಚಟ್ಟನೆ ಕಿಡಿ. ಪರದೆ ಕಪ್ಪು.
"ಸತ್ತೇ ಹೋತೇನಕ್ಕಾ?" ಎಂದಳು ಎದೆ ಹಿಡಿದು.
ಸಾಯಲಿಲ್ಲ. ಕಚಗುಳಿ ಇಟ್ಟೆ, ಎದ್ದಿತು.
ಅವತ್ತೇ ಅಂದುಕೊಂಡೆ,
ಇದಕ್ಕೊಂದು ಅಂಗಿ ಬೇಕು.

ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ಕೌಲ್ ಬಜಾರಿನಲ್ಲಿ
ಇದೊಂದರ ಮೈಮುಚ್ಚುವುದು
ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಇರುವ ಜಾಗ ಒಂದೇ:
ಓವರ್‌ಲಾಕ್ ಮಿಷಿನ್ನಿಗೂ ಕಿಟಕಿಗೂ ನಡುವೆ
ಗೋಡೆಯೊಳಗೊಂದು ಗೂಡು.
ಅಜ್ಜಿಯ ಕಾಲಕ್ಕೆ ಬುಡ್ಡಿದೀಪ, ನನ್ನ ಕಾಲಕ್ಕೆ ದಾರದುಂಡೆ.
ಅಗಲ ಒಂಬತ್ತೂವರೆ ಇಂಚು, ಎತ್ತರ ಹದಿಮೂರು.
ಎಡಗಡೆಯ ಕಲ್ಲು ಮಾತ್ರ
ಉಂಡ ಹೊಟ್ಟೆಯಂತೆ ಕಾಲಿಂಚು ಉಬ್ಬಿದೆ,
ಅದಕ್ಕೂ ಸ್ವಲ್ಪ ಸಡಿಲ ಬಿಡಬೇಕು.

"ಅಕ್ಕಾ, ಈ ಬಳ್ಳಾರಿ ಬಿಸಿಲಿಗೆ
ಸಣ್ಣ ಡಬ್ಬಿ ಅಂದ್ರ ಒಲಿ ಮ್ಯಾಗಿನ ಕುಕ್ಕರು"
ಎಂದ ಅಂಗಡಿಯ ಎರ್ರಿಸ್ವಾಮಿ.
ಮಂಡಿಯೆತ್ತರದ ಒಂದನ್ನು ಮುಂದೆ ತಳ್ಳಿದ:
ಗಾಜಿನ ಪಕ್ಕೆ, ಒಳಗೆ ಬಣ್ಣ ಬದಲಿಸುವ ದೀಪ,
ಉರುಸಿನ ರಾತ್ರಿಯ ಬೀದಿ.
ಗೂಡಿನ ಅಳತೆ ಹೇಳಿದೆ. ನಕ್ಕ.
ಬೇಡವೆಂದರೂ ಚಹಾ ತರಿಸಿ,
ಸಣ್ಣವುಗಳ ಪಟ್ಟಿ ಬರೆದುಕೊಟ್ಟ.

ನಾನು ಪ್ಯಾಟರ್ನ್ ಕತ್ತರಿಸುವವಳು.
ಹದಿನೆಂಟು ವರ್ಷ, ಸೊಂಟ ಇಪ್ಪತ್ತೆಂಟರಿಂದ ನಲವತ್ತರವರೆಗೆ
ಮುಖವೇ ಕಾಣದ ಜನರ ಕಾಲುಗಳನ್ನು
ಖಾಕಿ ಕಾಗದದಲ್ಲಿ ಬಿಡಿಸಿದ್ದೇನೆ.
ಆ ಡಬ್ಬಿಗಳನ್ನೂ ಹಾಗೇ ಬಿಡಿಸಿದೆ, ಮಡಿಚಿ ಅಂಟಿಸಿದೆ,
ಒಂದೊಂದನ್ನೇ ಗೂಡಿಗೆ ಹೊಗಿಸಿ ನೋಡಿದೆ.
ಒಂದಕ್ಕೆ ತಲೆ ಹಿಡಿಸಲಿಲ್ಲ.
ಒಂದಕ್ಕೆ ನನ್ನ ಪವರ್ ಸಪ್ಲೈ ದೊಡ್ಡದಂತೆ,
ಸಣ್ಣದಕ್ಕೆ ಇನ್ನೂ ಆರು ಸಾವಿರ.
ಇನ್ನೊಂದು ಚಂದಾನುಚಂದ, ಆದರೆ ಮೂಗೇ ಇಲ್ಲ,
ಉಸಿರು ಎಲ್ಲಿಂದ ಎಳೆಯಬೇಕು ಅದು?

ನಾಲ್ಕನೆಯದು ಮನಸ್ಸಿಗೆ ಬಂತು.
ಮೈಯೆಲ್ಲ ಜಾಲರಿ, ಒಳ್ಳೇ ನಿಲುವು.
ಕೊನೆಯ ಸಾಲು ಓದಿದೆ:
ಕೂಲರಿನ ಎತ್ತರ ಅರವತ್ತೈದು ಮೀರಬಾರದು.
ನನ್ನದು ಅರವತ್ತೇಳು.

ಬಟ್ಟೆಯಾಗಿದ್ದರೆ ಎರಡು ಮಿಲಿಮೀಟರು ಮಾತೇ ಅಲ್ಲ.
ಒಗೆದಷ್ಟೂ ಬಗ್ಗುತ್ತದೆ, ಕೂತಷ್ಟೂ
ಮಂಡಿಗೆ ತಾನೇ ಜಾಗ ಬಿಡುತ್ತದೆ.
ತಗಡಿಗೆ ಆ ದಾಕ್ಷಿಣ್ಯವಿಲ್ಲ.
ಸಂಡೂರಿನ ಗುಡ್ಡದ ಮಣ್ಣೇ ಇರಬಹುದು ಅದು,
ಲಾರಿ ಹತ್ತಿ, ಹಡಗು ಹತ್ತಿ, ಎಲ್ಲೋ ಬೆಂದು,
ಅಳತೆ ಕಲಿತು ವಾಪಸು ಬಂದಿರುವುದು.
ಊರವಳು ಕಣಪ್ಪಾ ಎಂದರೂ
ಒಂದು ಕೂದಲೆಳೆ ಜರುಗುವುದಿಲ್ಲ.

ಆದರೂ ಅದನ್ನೇ ತಂದೆ.
ರಾತ್ರಿ ಹನ್ನೊಂದಕ್ಕೆ, ಮಿಷಿನ್ನುಗಳು ಮಲಗಿದ ಮೇಲೆ,
ಎಡಪಕ್ಕೆಯ ತಗಡನ್ನು ಬಿಚ್ಚಿಟ್ಟೆ.
ಆ ಜಾಗಕ್ಕೆ ಸೊಳ್ಳೆಪರದೆಯ ಬಟ್ಟೆ, ಎರಡು ಮಡಿಕೆ,
ಸುತ್ತ ಡೆನಿಮ್ ಪಟ್ಟಿ, ಡಬಲ್ ಹೊಲಿಗೆ, ಕಿತ್ತಳೆ ದಾರ,
ಮಧ್ಯಕ್ಕೆ ಏಳಿಂಚಿನ ಹಿತ್ತಾಳೆ ಜಿಪ್ಪು.
ಕೂಲರಿದ್ದ ಕಡೆ ಬಟ್ಟೆ
ಹಲ್ಲುನೋವಿನ ಕೆನ್ನೆಯಂತೆ ಚೂರು ಉಬ್ಬಿ ನಿಂತಿತು.

ಎರ್ರಿಸ್ವಾಮಿ ಬಂದು ನೋಡಿದ. ಮಾತಾಡಲಿಲ್ಲ.
ಜಿಪ್ಪನ್ನು ಎರಡು ಸಲ ಎಳೆದ, ಏರಿಸಿದ,
"ವಾರಂಟಿ ಕೇಳಬ್ಯಾಡ್ರಿ ಮತ್ತ" ಎಂದು ಹೋದ.

ಎಂಟು ದಿನಕ್ಕೊಮ್ಮೆ ಪರದೆ ಒರೆಸುತ್ತೇನೆ.
ಕಿಟಕಿಯಿಂದ ಬಂದ ಕೆಂಧೂಳು, ನಮ್ಮ ಬಟ್ಟೆಯ ನೀಲಿ ನೂಲಧೂಳು
ಎರಡೂ ಸೇರಿ ನೇರಳೆ ಹಣ್ಣಿನ ಬಣ್ಣ.
ಏಪ್ರಿಲ್ಲಿನ ಮಧ್ಯಾಹ್ನ ಬೆನ್ನು ಮುಟ್ಟಿ ನೋಡಿದರೆ
ಬಿಸಿ ಇದೆ. ಸುಡುವಷ್ಟಿಲ್ಲ.
ಪಂಖದ ಸದ್ದು ಮಾತ್ರ ಜಾಸ್ತಿ, ಅದು ನಿಜ.

ಕಾಗದದ ಡಬ್ಬಿಗಳನ್ನು ಓಣಿಯ ಹುಡುಗರು ಒಯ್ದರು,
ಒಂದನ್ನು ಬಿಟ್ಟು.
ಆ ಮೂಗಿಲ್ಲದ್ದನ್ನು ಹುಸೇನ್‌ಬಿ ಇಟ್ಟುಕೊಂಡಿದ್ದಾಳೆ,
ಅದರಲ್ಲಿ ಈಗ ಅವಳ ಪಿನ್ನುಗಳು.