ಹಗ್ಗದ ತಪಾಸಣೆ

ಚಿಯಾತೂರಾದ ಮೂರನೇ ನಂಬರಿನ ತೂಗುಗಾಡಿ ನನ್ನದು.
ಹತ್ತೊಂಬತ್ತು ವರ್ಷ ಮೇಲೆ, ಕೆಳಗೆ, ಮೇಲೆ.
ಗಣಿಯವರನ್ನು ಏರಿಸಿದ್ದೇನೆ, ಬಸುರಿಯರನ್ನು ಇಳಿಸಿದ್ದೇನೆ,
ಒಮ್ಮೆ ಒಂದು ಫ್ರಿಜ್ಜನ್ನೂ, ಅದಕ್ಕೊಂದು ಟಿಕೀಟು ಹರಿದು.

ಹೋದ ಚಳಿಗಾಲ ಒಂದು ಮಂಗಳವಾರ
ನಡುದಾರಿಯಲ್ಲಿ, ನದಿಯ ಮೇಲೆ,
ಎದೆಯೊಳಗೆ ಯಾರೋ ಬ್ರೇಕು ಹಾಕಿದರು.
ಗಾಡಿ ಮಾತ್ರ ನಿಂತಿರಲಿಲ್ಲ.
ಅಂಗೈ ಬೆವರು, ತುಟಿ ಜೋಮು,
ಈಗ ಸತ್ತೆ ಎಂದುಕೊಂಡೆ. ಸಾಯಲಿಲ್ಲ.
ಮೇಲೆ ಬಾಗಿಲು ತೆಗೆದು
"ಹುಷಾರಾಗಿ ಇಳಿಯಿರಿ" ಎಂದೆ, ಎಂದಿನಂತೆ.

ಹೃದಯದ ಡಾಕ್ಟರು ಕಾಗದದ ಸುರುಳಿ ನೋಡಿ
"ಗಡಿಯಾರದ ಹಾಗಿದೆ, ಲಮಾರಾ" ಎಂದ.
ಖುಷಿಪಡಬೇಕಿತ್ತು.
ಹೆಸರಿಲ್ಲದ್ದನ್ನು ಮನೆಗೆ ಹೊತ್ತು ತಂದೆ.
ತೂಕ ಜಾಸ್ತಿಯಾಗಿತ್ತು.

ನೆರೆಯ ತ್ಸಿಯಾಲಾ ದೃಷ್ಟಿ ತಾಗಿದೆ ಎಂದಳು.
ಅಕ್ಕ, ವಯಸ್ಸು ಕಣೇ ಎಂದಳು.
ಪಾದ್ರಿ ಮೇಣದಬತ್ತಿ ಕೊಟ್ಟರು. ಹಚ್ಚಿದೆ.
ಉರಿಯಿತು, ಅದರ ಪಾಡಿಗೆ ಅದು.
ಗೋಚಾ, ನನ್ನ ಗಂಡ, ಏನೂ ಹೇಳದೆ
ರಾತ್ರಿ ಮೂರಕ್ಕೆ ನಾನೆದ್ದು ಕೂತಾಗ
ತಾನೂ ಎದ್ದು ಕೂತು
ಹಚ್ಚದ ಸಿಗರೇಟನ್ನು ಬೆರಳಲ್ಲಿ ಉರುಳಿಸುತ್ತಿದ್ದ.

ಅಷ್ಟರಲ್ಲಿ ಇನ್ನೊಂದು ಬಂದಿತ್ತು, ಸದ್ದಿಲ್ಲದ್ದು.
ಹೆದರಿಕೆಗಾದರೂ ಕಾಲಿದ್ದವು, ಓಡುತ್ತಿತ್ತು.
ಇದು ಕೂತೇ ಇತ್ತು.
ಅಕ್ರೋಟು ಒಡೆಯುವಾಗ ಕೈ ನಿಂತುಬಿಡುತ್ತಿತ್ತು.
ಮೊಮ್ಮಗಳು ಹಲ್ಲು ಬಿದ್ದದ್ದು ತೋರಿಸಲು ಓಡಿಬಂದು
ಬಾಯಿ ತೆರೆದು ನಿಂತಳು.
ನೋಡಿದೆ. ಹಲ್ಲಿಲ್ಲದ ಜಾಗ. ಅಷ್ಟೇ ಕಂಡಿತು.
ಆ ರಾತ್ರಿ ನನಗೆ ನನ್ನ ಬಗ್ಗೆ ಹೆದರಿಕೆಯಾಯಿತು.

ಪಾಳಿ ಮುಗಿದಾಗ ದಾಖಲೆ ಪುಸ್ತಕ ತುಂಬಬೇಕು.
ಗಾಳಿ: ಕಡಿಮೆ. ಹಗ್ಗ: ಸರಿ. ಬ್ರೇಕು: ಸರಿ.
ಚಾಲಕಿ:
ಆ ಖಾನೆಯಲ್ಲಿ ಸಹಿ ಮಾತ್ರ ಇರುತ್ತದೆ.
ಸರಿಯಿಲ್ಲ, ಎಂದು ಬರೆದೆ.
ಹೊಡೆದುಹಾಕಲು ಪೆನ್ನೆತ್ತಿ,
ದೀಪ ಆರಿಸಿ ಮನೆಗೆ ಹೋದೆ.

ಮೆಕ್ಯಾನಿಕ್ ಬಾದ್ರಿ, ಇಪ್ಪತ್ತಾರರ ಹುಡುಗ,
ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ.
ಬೆಳಗ್ಗೆ ಪುಸ್ತಕ ತೆರೆದರೆ ಅವನ ಗುಂಡಕ್ಷರ:
ಯಾವಾಗಿನಿಂದ?
ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದ,
"ಸೈನ್ಯದಿಂದ ಬಂದ ಮೇಲೆ ನಾನೂ ಹೋಗಿದ್ದೆ.
ಕುತಾಯಿಸಿಯಲ್ಲಿ ಒಬ್ಬರಿದ್ದಾರೆ.
ಒಂದು ಎಳೆ ಹರಿದರೆ ಹಗ್ಗಕ್ಕೆ ಯಾರೂ ಬೈಯುವುದಿಲ್ಲ, ಅಲ್ವಾ ಚಿಕ್ಕಮ್ಮಾ,
ಗಾಡಿ ನಿಲ್ಲಿಸಿ ನೋಡುತ್ತೇವೆ."

ಮಿನಿಬಸ್ಸಿನಲ್ಲಿ ಎರಡು ಸಲ ಇಳಿದುಬಿಡೋಣ ಎನಿಸಿತು.
ಒಂದು ಸಲ ಇಳಿದೆ ಕೂಡ.
ಮುಂದಿನ ಬಸ್ಸು ಹತ್ತಿದೆ.

ಡಾಕ್ಟರ್ ಎತೆರಿಯ ಕೋಣೆಯಲ್ಲಿ ಹೀಟರು ಕೆಟ್ಟಿತ್ತು,
ಆಕೆ ಕೋಟು ತೊಟ್ಟೇ ಕೂತಿದ್ದಳು.
ಕಳೆದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆಯಿಲ್ಲ?
ಎಷ್ಟು ದಿನ ಯಾವುದೂ ರುಚಿಸಲಿಲ್ಲ?
ಎಷ್ಟು ದಿನ, ನಾನಿಲ್ಲದಿದ್ದರೇ ಚೆನ್ನಾಗಿತ್ತು ಎನಿಸಿತು?
ಕಿಟಕಿ ನೋಡಿದೆ.
ಆಕೆ ಪೆನ್ನು ಕೆಳಗಿಟ್ಟು ಕಾದಳು.
ಬೆರಳು ಮಡಿಸಿ ಎಣಿಸಿದೆ: ನಾಲ್ಕು.
ಯಾರ ಮುಂದೆಯೂ ಎಣಿಸಿರಲಿಲ್ಲ.

ಆತಂಕ ಎಂದಳು, ಖಿನ್ನತೆ ಎಂದಳು,
ನಾನು ಮೇಲಿನ ನಿಲ್ದಾಣ, ಕೆಳಗಿನ ನಿಲ್ದಾಣ
ಕೂಗುವಷ್ಟೇ ಸಲೀಸಾಗಿ.
ಮಾತ್ರೆ ಬರೆದಳು, ಪ್ರತಿ ಗುರುವಾರ ಬಾ, ಮಾತಾಡೋಣ ಎಂದಳು,
ನಿಧಾನ ಎಂದಳು. ಸುಳ್ಳು ಹೇಳಲಿಲ್ಲ:
ಮೊದಲ ವಾರ ಬಾಯಿ ಒಣಗಿತು, ಬೇರೇನೂ ಆಗಲಿಲ್ಲ.

ನಾಳೆ ಏಳನೇ ಗುರುವಾರ.
ಗಾಡಿಯನ್ನು ಸದ್ಯ ಬಾದ್ರಿಯ ತಂಗಿ ನಡೆಸುತ್ತಾಳೆ,
ನಾನು ಪ್ರಯಾಣಿಕಳು, ಕಂಬಿ ಹಿಡಿದು ನಿಲ್ಲುತ್ತೇನೆ.
ನದಿಯ ಮೇಲೆ ಬಂದಾಗ ಇನ್ನೂ ಉಸಿರು ಎಣಿಸಬೇಕು.
ಇವತ್ತು ಹನ್ನೊಂದಕ್ಕೆ ಎಣಿಕೆ ತಪ್ಪಿತು.
ಪಕ್ಕದವಳ ಚೀಲದಲ್ಲಿ ಹಸಿ ಕೊತ್ತಂಬರಿ,
ಬೇರಿಗೆ ಇನ್ನೂ ಮಣ್ಣು.
ಮೂಗು ತಾನಾಗಿ ಆ ಕಡೆ ತಿರುಗಿತು.
ಕಟ್ಟು ಎಷ್ಟಕ್ಕೆ ಕೊಟ್ಟ ಎಂದು ಕೇಳಿದೆ.
ಹೇಳಿದಳು.
ದುಬಾರಿಯಾಯಿತು ಎಂದೆ.