ಕೆಂಪಿನ ಮೇಲೆ ಕೆಂಪು

ವಿರುಪಮ್ಮ ಸಿಸ್ಟರ್ ತಮ್ಮ ಹಳೇ ಆಲ್ಟೋ ನಿಲ್ಲಿಸಿ
ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು.
ಬೆಂಕಿಪೊಟ್ಟಣದಷ್ಟು. ನಾಲ್ಕು ವೈರು. ಇನ್ನೂರ ನಲವತ್ತು ರೂಪಾಯಿ.
ಬ್ರೇಕ್ ತುಳಿದರೆ ಹಿಂದಿನ ದೀಪ ಐದು ಸಲ ಮಿಣುಕಿ
ಆಮೇಲೆ ಸುಮ್ಮನೆ ಉರಿಯುತ್ತದಂತೆ.
‘ಹಾಕಿಕೊಡು ಗಾದಿಲಿಂಗಣ್ಣ. ಹಿಂದಿನೋರಿಗೆ ನಾನು ಕಾಣಬೇಕು.’

ಕಾಣಬೇಕು.
ಸಂಡೂರಿನಿಂದ ತೋರಣಗಲ್ಲಿಗೆ ರಾತ್ರಿ ಪಾಳಿಗೆ ಬರುವ ಹೆಂಗಸು
ಈ ವರ್ಷ ಬಂಪರ್ ಎರಡು ಸಲ ಬದಲಿಸಿದ್ದಾರೆ.
ಎರಡನೇ ಸಲ ಗುದ್ದಿದ ಟಿಪ್ಪರಿನವನು ಇಳಿದು ಬಂದು, ಕೈಮುಗಿದು,
‘ಅಕ್ಕಾ, ದೀಪ ಹತ್ತಿತ್ತೇನು?’ ಅಂದನಂತೆ.
ಇಬ್ಬರೂ ಬಗ್ಗಿ ನೋಡಿದರು. ಒಡೆದ ಗಾಜಿನೊಳಗೆ ಇನ್ನೂ ಹತ್ತೇ ಇತ್ತು.

ವೈರಿನ ಸಿಪ್ಪೆ ನಾನು ಸುಲಿಯುವುದು ಹಲ್ಲಲ್ಲೇ.
ಇಪ್ಪತ್ತೆರಡು ವರ್ಷಕ್ಕೆ ಮುಂದಿನ ಹಲ್ಲುಗಳ ನಡುವೆ
ಸಣ್ಣ ಕಿಂಡಿ ಬಿದ್ದಿದೆ, ಅಳತೆ ತೆಗೆದು ಕೊರೆದಂತೆ.
ಹತ್ತು ನಿಮಿಷದ ಕೆಲಸ. ಬಾಯಿಗಿಟ್ಟಾಗಿತ್ತು, ಸಿಸ್ಟರೇ ತಡೆದರು:
‘ಇದು ಕಾನೂನಿಗೆ ಸರಿ ಐತಾ? ನಾನು ಸರ್ಕಾರಿ ನೌಕರಿಯಾಕೆ.’

ಇಷ್ಟು ದಿನ ಯಾರೂ ಕೇಳಿರಲಿಲ್ಲ.
ನೀಲಿ ದೀಪ ಬೇಕೆಂದವನು ಕೇಳಿರಲಿಲ್ಲ,
ರಿವರ್ಸಿಗೆ ಮಗು ಅಳುವ ಹಾರ್ನ್ ಹಾಕಿಸಿದ ಟ್ಯಾಂಕರಿನವನು ಕೇಳಿರಲಿಲ್ಲ,
ಮಡ್‌ಗಾರ್ಡಿನ ಮೇಲೆ ಹದಿನಾರು ಬಲ್ಬು ಓಡಿಸಿಕೊಂಡ ವನ್ನೂರಸ್ವಾಮಿ
ಬಿಲ್ಲನ್ನೂ ಕೇಳಿರಲಿಲ್ಲ.

ಮರುದಿನ ಬಳ್ಳಾರಿಗೆ ಹೋದೆ, ರಿಲೇ ತರುವ ನೆಪ.
ಬೇವಿನ ನೆರಳಲ್ಲಿ ಬ್ರೇಕ್ ಇನ್‌ಸ್ಪೆಕ್ಟರು ಚಹಾ ಊದುತ್ತಿದ್ದರು.
ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದರು.
‘ಬ್ರೇಕಿನ ಕೆಂಪು ನಿಂತಂಗೆ ನಿಲ್ಲಬೇಕು. ಮಿಣುಕೋದು ಇಂಡಿಕೇಟರ್ ಕೆಲಸ.
ಇದನ್ನ ಜೋಡಿಸಿ ಎಫ್‌ಸಿಗೆ ತಂದ್ರೆ ನಾನೇ ಕಿತ್ತುಸ್ತೀನಿ.’
‘ಸಾರ್, ಕೆಲವು ಹೊಸ ಕಾರು ಜೋರು ಬ್ರೇಕಿಗೆ ತಾವೇ ಮಿಣುಕ್ತಾವಲ್ಲ?’
‘ಅದು ಕಂಪನಿ ಪರೀಕ್ಷೆ ಮಾಡಿಸಿ, ಮುದ್ರೆ ಹಾಕಿಸಿ ಕೊಟ್ಟಿದ್ದು.
ನೀ ಯಾರು?’

ಬಸ್ಸಿನಲ್ಲಿ ಕುಡತಿನಿ ದಾಟುವವರೆಗೆ
ಆ ಪ್ರಶ್ನೆ ಪಕ್ಕದ ಸೀಟಿನಲ್ಲಿ ಟಿಕೇಟಿಲ್ಲದೆ ಕೂತಿತ್ತು.
ಮುಂದೆ ಲಾರಿಗಳ ಸಾಲು. ಒಂದೊಂದರ ಬೆನ್ನಿಗೂ
ಹಸಿರು, ನೇರಳೆ, ಓಡುವ, ಹಾರುವ, ಕಣ್ಣು ಹೊಡೆಯುವ ಬೆಳಕು.
ಅರ್ಧ ನಾನೇ ಹಾಕಿದ್ದು.
ಅದರಲ್ಲಿ ನಿಜವಾದ ಬ್ರೇಕ್ ಯಾವುದೆಂದು ಹುಡುಕಿದೆ.
ಹುಡುಕುವಷ್ಟರಲ್ಲಿ ನಮ್ಮ ಡ್ರೈವರ್ ಗಕ್ಕನೆ ತುಳಿದ,
ನನ್ನ ಹಣೆ ಮುಂದಿನ ಕಂಬಿಗೆ.

ಸಂಜೆ ಸಿಸ್ಟರ್ ಡ್ಯೂಟಿಗೆ ಹೋಗುತ್ತ ನಿಂತರು,
ಮೊದಲು ಹಣೆಯ ಬುಗುಟು ಒತ್ತಿ ನೋಡಿದರು.
‘ಆಗಲ್ಲಮ್ಮ’ ಎಂದೆ. ಇನ್‌ಸ್ಪೆಕ್ಟರು ಹೇಳಿದ್ದನ್ನೆಲ್ಲ ಹೇಳಿದೆ,
ಕೊನೆಯದೊಂದು ಬಿಟ್ಟು.
ಅವರು ಏನೂ ಅನ್ನಲಿಲ್ಲ. ಹಿಂದಿನ ದೀಪದ ಮೇಲೆ ಸುಮ್ಮನೆ ಬೆರಳೆಳೆದರು,
ಬೆರಳ ತುದಿ ಕುಂಕುಮದ ಬಟ್ಟಲಿಗೆ ಅದ್ದಿದಂತಾಯಿತು.
ಅದಿರಿನ ಧೂಳು.
ಗಾಜೂ ಕೆಂಪು, ಧೂಳೂ ಕೆಂಪು,
ಕೆಂಪಿನ ಮೇಲೆ ಕೆಂಪು ಕೂತರೆ
ಹತ್ತು ಮಾರು ದೂರದಿಂದ ಯಾವ ಕಣ್ಣು ಕಂಡೀತು?
ಒಳಗೆ ದೀಪ ಉರಿಯುತ್ತಲೇ ಇರುತ್ತದೆ,
ಮುಚ್ಚಿದ ರೆಪ್ಪೆಯ ಹಿಂದಿನ ಬಿಸಿಲಿನ ಹಾಗೆ.

ಒದ್ದೆ ಬನಿಯನ್ ತುಂಡಿನಿಂದ ಒರೆಸಿದೆ. ಮೂರು ಸಲ ನೀರು ಬದಲಾಯಿತು.
ಎಡಗಡೆಯ ಅರ್ಥಿಂಗ್ ತುಕ್ಕು ಹಿಡಿದಿತ್ತು, ಉಜ್ಜಿ ಬಿಗಿದೆ.
ಬನಿಯನ್ನಿನ ಇನ್ನೊಂದು ತುಂಡು ಡಿಕ್ಕಿಯಲ್ಲಿಟ್ಟೆ,
ಇದಕ್ಕೆ ಯಾರ ಮುದ್ರೆಯೂ ಬೇಡ.
‘ದುಡ್ಡು?’
‘ಧೂಳಿಗೇನು ದುಡ್ಡು, ಹೋಗಿ ಬರ್ರಿ.’

ಡಬ್ಬಿ ನನ್ನಲ್ಲೇ ಉಳಿಯಿತು.
ರಾತ್ರಿ ಶಟರ್ ಅರ್ಧ ಎಳೆದು, ಒಂದು ಬಲ್ಬು ಕಟ್ಟಿ,
ಹಳೇ ಬ್ಯಾಟರಿಗೆ ಕೊಟ್ಟು ನೋಡಿದೆ:
ಐದು ಸಲ. ಆಮೇಲೆ ಸುಮ್ಮನೆ.
ಹೊರಗೆ ಒಂದು ಟಿಪ್ಪರ್ ತಟ್ಟನೆ ನಿಧಾನವಾಯಿತು,
ಅಡ್ಡ ಬಂದ ಯಾರನ್ನೋ ಕಂಡಂತೆ.
ವೈರು ಕಿತ್ತೆ. ಟಿಪ್ಪರ್ ಹಾರ್ನ್ ಹೊಡೆದು ಹೋಯಿತು.
ಕಿತ್ತ ತುದಿ ಬೆರಳ ನಡುವೆಯೇ ಇತ್ತು,
ಸಂಡೂರಿನ ಕಡೆಯಿಂದ ಇನ್ನೊಂದರ ಬೆಳಕು ಬರುತ್ತಿತ್ತು.