ಕಿವಿಯ ಹಿಂದಿನ ಮಸಿ

ಕೂತುಕೋ ಇಸೋಕೆನ್, ನಿಮ್ಮಮ್ಮ ಬರುವುದು ನಾಲ್ಕಕ್ಕೆ.
ಕುಂಬಳಬೀಜ ಅಲ್ಲಿದೆ, ಸಿಪ್ಪೆಗೆ ಈ ಬಟ್ಟಲು.
ಭಾನುವಾರ ಮಧ್ಯಾಹ್ನ ಕಿಪ್ಸೇಲಿಯ ಬಾಲ್ಕನಿ ಬಾಲ್ಕನಿಯಲ್ಲೂ
ಇದೇ ಕಪ್ಪು-ಬಿಳುಪು ಚಿತ್ರ, ಇದೇ ನಗು.
ಮೇಲಿನ ಮನೆಯವರು ನಮಗಿಂತ ಒಂದು ಗಳಿಗೆ ಮೊದಲೇ ನಗುತ್ತಾರೆ,
ಅವರ ಟೀವಿ ಮುಂದಿದೆಯೋ, ಅವರಿಗೆ ಬಾಯಿಪಾಠವೋ.

ನೋಡು, ಆ ಸಾಹುಕಾರರ ಮೆಟ್ಟಿಲು:
ಹನ್ನೊಂದೇ ಮೆಟ್ಟಿಲು, ಹತ್ತಿಹೋದರೆ ಮೇಲೆ ಮನೆಯಿಲ್ಲ,
ಒಬ್ಬ ಬಡಗಿ ಕೂತು ಸಿಗರೇಟು ಸೇದುತ್ತಿದ್ದ.
ನಾನು ಹುಟ್ಟಿದ್ದು ಕೊಕ್ಕಿನ್ಯಾದ ನಿರಾಶ್ರಿತರ ಸಾಲುಮನೆಯಲ್ಲಿ.
ಸ್ಮಿರ್ನಾದ ಉರಿಯಿಂದ ಅಜ್ಜಿ ತಂದದ್ದು
ಹೊಲಿಗೆಯಂತ್ರದ ಹಿಡಿ ಮಾತ್ರ, ಯಂತ್ರವಲ್ಲ.
ನಿರ್ದೇಶಕ ಅಂದ: 'ಪೊಲಿಕ್ಸೇನಿ, ಕೆಲಸದವಳು ಅಂದರೆ ದ್ವೀಪದವಳು.
ಮಾತು ಎಳಿ, ತುದಿಯಲ್ಲಿ ಮೇಲಕ್ಕೆತ್ತಿ ಬಿಡು.'
ಎಳೆದೆ. ಮೂವತ್ತೊಂದು ಚಿತ್ರ. ಒಂದೇ ಸಾಲು:
'ಕಾಫೀ... ತಂದೇ... ಅಮ್ಮಾವ್ರೇ...'
ನಾಕ್ಸೋಸ್‌ಗೆ ನಾನು ಹೋದದ್ದು ಗಂಡ ಸತ್ತ ಮೇಲೆ.
ಅಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ, ಗೊತ್ತಾ.

ಅಗೋ, ಅವನು ಥ್ರಾಸಿವುಲೋಸ್. ಕರವಸ್ತ್ರ ಬೀಸಿ, ಸೊಂಟ ತಿರುಗಿಸಿ
ಬಾಗಿಲಲ್ಲಿ ನಿಂತರೆ ಸಾಕು, ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು.
ಕ್ಯಾಮೆರಾ ನಿಂತೊಡನೆ ಕೈ ಜೇಬಿಗೆ.
ಹಾಗೆ ನಡೆಯುವವನಲ್ಲ ಅವನು. ಆದರೆ
ಹಾಗೆ ನಡೆಯದಿದ್ದರೂ ಅವನು ಅವನೇ,
ಅದು ನಮಗೆಲ್ಲ ಗೊತ್ತಿತ್ತು, ಯಾರೂ ಅನ್ನುತ್ತಿರಲಿಲ್ಲ.
ನಾನು ಅವನ ಸಿಗರೇಟಿಗೆ ಬೆಂಕಿ ಹಿಡಿಯುತ್ತಿದ್ದೆ.

ಈಗ ಬರುತ್ತೆ... ಬೇಡ, ರಿಮೋಟ್ ಎಲ್ಲಿ?
ಎಲ್ಲಿಟ್ಟೆ ಹುಡುಗಿ ಅದನ್ನ?
ಬಂದೇಬಿಟ್ಟ. ಹುಲ್ಲಿನ ಲಂಗ, ಕೊರಳಿಗೆ ಮೂಳೆ,
ಮುಖಕ್ಕೆ ಸುಟ್ಟ ಬಿರಡೆಯ ಮಸಿ,
'ಆಫ್ರಿಕಾದ ರಾಜಕುಮಾರ'.
ಮೇಲಿನ ಮನೆ ನಕ್ಕಿತು.
ನಿನ್ನ ಹಲ್ಲಿನ ನಡುವೆ ಬೀಜ ಒಡೆಯದೆ ನಿಂತಿದೆ.

ಏನಂದೆ?
'ಅದನ್ನ ತೊಳೆದವರು ಯಾರು?'
ನಾನೇ ಕಣೇ. ಆಲಿವ್ ಎಣ್ಣೆ, ಹತ್ತಿ.
ಮೇಕಪ್ಪಿನವಳು ಆರಕ್ಕೇ ಬಸ್ಸು ಹಿಡಿಯುತ್ತಿದ್ದಳು.
ಎಷ್ಟು ಉಜ್ಜಿದರೂ ಕಿವಿಯ ಹಿಂದೆ ಉಳಿಯುತ್ತಿತ್ತು.
'ಹೀಗೆ ಹೋದರೆ ಹೆಂಡತಿ ಹತ್ತಿರ ಸೇರಿಸಳು' ಅಂತ ಅವನು,
ನಾನೂ ನಗುತ್ತಿದ್ದೆ. ಹೌದು. ನಕ್ಕೆ.
ಮುಂದೊಂದು ದಿನ ನೀನು ಈ ಕುರ್ಚಿಯಲ್ಲಿ ಕೂತು
ನನ್ನ ಬಟ್ಟಲಿಂದ ಬೀಜ ತಿನ್ನುತ್ತೀಯೆಂದು
ಗೊತ್ತಿದ್ದರೆ ನಗುತ್ತಿರಲಿಲ್ಲವೇ?
ಸಂಬಳದ ದಿನ ಅದು. ಹೇಳಲಾರೆ.

ಆರಿಸಲಾ?
'ನೀವು ಬರುವವರೆಗೂ ಇರಲಿ' ಅನ್ನುತ್ತೀಯ.
ಸರಿ. ಬಾಗಿಲ ಕಡೆ ನೋಡು, ರೆಪ್ಪೆ ಬಡಿಯಬೇಡ.
ಟ್ರೇ... ಮೊಣಕೈ... ಅರ್ಧ ಮೂಗು...
ಆಯಿತು.

'ಅದೇ ಸಾಲು ಈಗ ನಿಮ್ಮ ಮಾತಲ್ಲಿ ಹೇಳಿ.'
ನನ್ನ ಮಾತಲ್ಲಾ?
ತಡಿ. ಒಂದು ನಿಮಿಷ ತಡಿ.
ಕೊಕ್ಕಿನ್ಯಾದ ನಲ್ಲಿಯ ಮುಂದೆ, ಕೊಡದ ಸಾಲಲ್ಲಿ ನಿಂತು
ಹೇಗೆ ಮಾತಾಡುತ್ತಿದ್ದೆ ನಾನು...
ಕಾಫಿ...
ಇಲ್ಲ, ಹಾಗಲ್ಲ. ನೀನೇ ಹೇಳು ಮೊದಲು,
ನಿಮ್ಮ ಮನೆಯಲ್ಲಿ ಹೇಗನ್ನುತ್ತೀರಿ?